ಮಳೆಗಾಲ ಕಳೆಯುವವರೆಗೆ ತುಕ್ಕು ತಡೆಯುವುದು ಹೇಗೆ? (2003ರ ಮಾರುತಿ 800, ಕುಂದಾಪುರ)

ಕೋಡಿ_ಕಡಲು · ಏಪ್ರಿಲ್ 11

ಎಲ್ಲರಿಗೂ ನಮಸ್ಕಾರ. ಅಪ್ಪನ ಕಾರಿನ ವಿಷಯದಲ್ಲಿ ಸಲಹೆ ಬೇಕಿತ್ತು. 2003ರ ಮಾರುತಿ 800, ಕೆಎ-20 ನೋಂದಣಿ, ಶೋರೂಮಿನಿಂದ ಬಂದ ದಿನದಿಂದ ನಮ್ಮ ಮನೆಯಲ್ಲೇ ಇದೆ. 2018ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಆರ್‌ಸಿ ನವೀಕರಣ ಆಗಿದೆ. ಇಂಜಿನ್ ಈಗಲೂ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಬಾಡಿ ಮಾತ್ರ ಕೈಕೊಡುತ್ತಿದೆ.

ಮನೆಯಿಂದ ಕಡಲಿಗೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಎಡಗಡೆ ಎರಡೂ ಬಾಗಿಲುಗಳ ಕೆಳ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿದೆ. ಬಲಗಡೆ ರನ್ನಿಂಗ್ ಬೋರ್ಡ್ (ಬಾಗಿಲುಗಳ ಕೆಳಗೆ ಉದ್ದಕ್ಕೆ ಇರುವ ಡಬ್ಬಿಯಂಥ ತಗಡು) ಹಿಂದಿನ ಚಕ್ರದ ಹತ್ತಿರ ಕಂದು ಬಣ್ಣಕ್ಕೆ ತಿರುಗಿದೆ. ಡ್ರೈವರ್ ಕಾಲಿಡುವಲ್ಲಿ ಕಾರ್ಪೆಟ್ ಮುಟ್ಟಿದರೆ ತಣ್ಣಗೆ ಹಸಿಹಸಿ.

ಟಿಂಕರಿಂಗ್‌ನವರೊಬ್ಬರು ರನ್ನಿಂಗ್ ಬೋರ್ಡ್ ಕತ್ತರಿಸಿ ಹೊಸದು ಕೂರಿಸಿ, ಫ್ಲೋರಿಗೆ ತೇಪೆ ಹಾಕಿ, ಪೂರ್ತಿ ಪೇಂಟ್ ಸೇರಿ 65 ಸಾವಿರ ಹೇಳಿದ್ದಾರೆ. ಹೇಳಿದ್ದು ಜಾಸ್ತಿ ಅಂತ ನನಗೆ ಅನಿಸಿಲ್ಲ. ಆದರೆ ಈ ಸಲ ಮನೆಯ ಮಾಡಿನ ಪಕಾಸಿ ಬದಲಿಸಲೇಬೇಕು, ಹಾಗಾಗಿ ಕಾರಿಗೆ ದುಡ್ಡು ಹೊಂದಿಸಲು ಆಗುವುದು ದೀಪಾವಳಿ ಕಳೆದ ಮೇಲೆ. ನಡುವೆ ಒಂದು ಇಡೀ ಮಳೆಗಾಲ ಇದೆ.

ಇನ್ನೊಬ್ಬರು ನಾಲ್ಕೂವರೆ ಸಾವಿರಕ್ಕೆ ಕೆಳಗಡೆಯೆಲ್ಲ ಕಪ್ಪು ಅಂಡರ್‌ಕೋಟಿಂಗ್ ಹೊಡೆದು, ಬಾಗಿಲಿಗೆ ಪುಟ್ಟಿ ಹಾಕಿ ಟಚಪ್ ಮಾಡಿಕೊಡುತ್ತೇನೆ ಎಂದಿದ್ದಾರೆ. ಅದನ್ನು ಮಾಡಿಸಲೇ? ಅಪ್ಪ ಹೋಗಿ ಎರಡು ವರ್ಷ ಆಯಿತು. ಕಾರು ಕೊಡುವ ಯೋಚನೆ ಇಲ್ಲ, ದಯವಿಟ್ಟು ಮಾರಿಬಿಡಿ ಅಂತ ಮಾತ್ರ ಹೇಳಬೇಡಿ.

ಹುಬ್ಬಳ್ಳಿ_ಟಿಂಕರ್ · ಏಪ್ರಿಲ್ 11

ನಮಸ್ಕಾರ್ರಿ. ಇಪ್ಪತ್ತೆರಡು ವರ್ಷದಿಂದ ಇದ ಕೆಲಸ ಮಾಡಕೋತ ಬಂದೀನಿ. ಆ ಕಪ್ಪು ಕೋಟಿಂಗ್ ಈಗ ಹೊಡಸಬ್ಯಾಡ್ರಿ. ತುಕ್ಕು ಹಿಡಿದ ತಗಡಿನ ಮ್ಯಾಲೆ ಡಾಂಬರು ಬಳದ್ರ ಕಣ್ಣಿಗೆ ಚಂದ ಕಾಣತೈತಿ, ಒಳಗ ನೀರಿಗೆ ಬಾಗಲಾ ಹಾಕಿದಂಗ ಆಗತೈತಿ. ಹೊರಗ ಹೋಗಾಕ ದಾರಿ ಇಲ್ಲದ ಅಲ್ಲೇ ಕುಂತು ತಿಂತೈತಿ. ನಾಕು ತಿಂಗಳು ಬಿಟ್ಟು ಒತ್ತಿ ನೋಡಿದ್ರ ಕೋಟಿಂಗ್ ಒಂದ ಉಳದಿರತೈತಿ, ತಗಡು ಇರೂದಿಲ್ಲ. ಇಂಥಾವು ಎಷ್ಟು ಬಂದಾವ ನನ್ನ ಕಡೆ.

ಇನ್ನೊಂದು. ದೀಪಾವಳಿ ಆದಮ್ಯಾಲೆ ವೆಲ್ಡಿಂಗ್ ಮಾಡೂ ಮುಂದ ಆ ಡಾಂಬರು ಪೂರಾ ಕೆರದು ತಗೀಬೇಕಾಗತೈತಿ. ಹಂಗ ಬಿಟ್ರ ಬಿಸಿ ತಾಗಿದ ಕೂಡಲೇ ಹೊಗಿ ಏಳತೈತಿ, ಬೆಂಕಿನೂ ಹತ್ತಬಹುದು, ವೆಲ್ಡ್ ಒಳಗ ತೂತು ತೂತು ಬೀಳತಾವ. ಕೆರಿಯಾಕ ಒಬ್ಬ ಹುಡುಗನ್ನ ಎರಡು ದಿವಸ ಕೂಡಿಸಬೇಕು, ಆ ಪಗಾರನೂ ನಿಮ್ಮ ಬಿಲ್ಲಿಗೇ ಬರತೈತಿ. ಈಗ ನೀವು ಹಚ್ಚೂದು ಏನ ಇರಲಿ, ಮುಂದ ತಗಿಯಾಕ ಬರೂವಂಥಾದ್ದು ಇರಬೇಕು. ತಗಡು ಕಣ್ಣಿಗೆ ಕಾಣಬೇಕು. ರಿಪೇರಿಗಿಂತ ಮೊದಲಿನ ಕೆಲಸಕ್ಕ ಇಷ್ಟ ನೋಡ್ರಿ ಲೆಕ್ಕ.

ಮೊದಲ ಎಲ್ಲೆಲ್ಲಿ ಎಷ್ಟು ತಿಂದೈತಿ ಅಂತ ನೋಡಿಕೊಳ್ರಿ. ಸ್ಕ್ರೂಡ್ರೈವರ್ ಹಿಡಿಕಿಲೆ ಮೆಲ್ಲಕ ಬಡಕೋತ ಹೋಗ್ರಿ. ಗಟ್ಟಿ ತಗಡು ಠಣ್ ಅಂತೈತಿ. ಒಳಗ ತಿಂದಿದ್ರ ದಪ್ ಅಂತೈತಿ, ಕೆಳಗ ಪುಡಿ ಉದುರತೈತಿ. ದಪ್ ಅಂದಲ್ಲೆ ಚೀಲ ಹೊಲಿಯೂ ದಬ್ಬಣ ಇಟ್ಟು ಹೆಬ್ಬಟ್ಟಿಲೆ ಒತ್ರಿ. ಈ ಗಾಡಿ ತಗಡು ದಪ್ಪ ಅಂದ್ರ ಮುಕ್ಕಾಲು ಮಿಲಿಮೀಟರ್ ಆಸುಪಾಸು, ಅರ್ಧ ತಿಂದಿದ್ರ ದಬ್ಬಣ ದಾಟೇ ದಾಟತೈತಿ. ಒಂದು ಮ್ಯಾಗ್ನೆಟ್ಟಿಗೆ ತೆಳ್ಳನ ಬಟ್ಟಿ ಸುತ್ತಿ ಬಾಗಲದ ಮ್ಯಾಲೆ ಆಡಸ್ರಿ. ಹಿಡೀಲಿಲ್ಲಾಂದ್ರ ಅಲ್ಲೆ ಯಾರೋ ಹಿಂದಕ ಪುಟ್ಟಿ ತುಂಬ್ಯಾರ.

ಜಾಕ್ ಹಚ್ಚೂ ಜಾಗ, ಸೀಟಿನ ಬೋಲ್ಟ್ ಇರೂ ಜಾಗ, ಬೆಲ್ಟಿನ ಬುಡ, ಮುಂದಿನ ಸಸ್ಪೆನ್ಶನ್ ಕುಂದ್ರೂ ಜಾಗ. ಈ ನಾಕರಾಗ ಎಲ್ಲೆರೆ ದಬ್ಬಣ ಒಳಗ ಹೋತಂದ್ರ ದೀಪಾವಳಿ ತನಕ ಕಾಯಬ್ಯಾಡ್ರಿ. ಅಷ್ಟ ಈಗ ವೆಲ್ಡ್ ಮಾಡಿಸ್ರಿ, ಚಂದ ಮಾಡೂದು ಆಮ್ಯಾಲೆ. ಮತ್ತ ಜಾಕ್ ಮ್ಯಾಲೆ ನಿಂತ ಗಾಡಿ ಕೆಳಗ ತಲಿ ಹಾಕಬ್ಯಾಡ್ರಿ. ಜಾಕ್ ಹಚ್ಚಿದ ಜಾಗನ ತುಕ್ಕು ಹಿಡದಿದ್ರ ಗಾಡಿ ಕೆಳಗ ಕುಸೀತೈತಿ.

ಅಡಿಕೆ_ಓಮ್ನಿ · ಏಪ್ರಿಲ್ 12

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ತುಕ್ಕಿಗೆ ಔಷಧ ಹುಡುಕುವ ಮೊದಲು ನೀರು ಒಳಗೆ ಬರುವ ದಾರಿ ಹುಡುಕಿ. ನಮ್ಮದು ತೀರ್ಥಹಳ್ಳಿ ಕಡೆ, ಮಳೆ ನಿಮಗಿಂತ ಕಡಿಮೆ ಇಲ್ಲ. ನನ್ನ ಓಮ್ನಿಗೆ ಎರಡು ಸಲ ಫ್ಲೋರ್ ಪೇಂಟ್ ಮಾಡಿಸಿದೆ, ಎರಡೂ ಸಲ ವರ್ಷದೊಳಗೆ ಹೋಯಿತು. ಮೂರನೇ ಸಲ ಗೊತ್ತಾಯಿತು, ಮುಂದಿನ ಗಾಜಿನ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು.

ಹುಡುಕುವುದು ಹೀಗೆ: ಕಾರ್ಪೆಟ್ ಪೂರ್ತಿ ತೆಗೆದು ಒಂದು ದಿನ ಬಿಸಿಲಿಗೆ ನಿಲ್ಲಿಸಿ. ಒಣಗಿದ ಮೇಲೆ ಫ್ಲೋರಿಗೆ, ಡ್ಯಾಶ್‌ಬೋರ್ಡ್ ಅಡಿಯ ತಗಡಿಗೆ ಪೌಡರ್ ಉದುರಿಸಿ. ಮುಖಕ್ಕೆ ಹಾಕುವ ಪೌಡರೇ ಸಾಕು. ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ, ಮೊದಲು ಕೆಳಗೆ, ಆಮೇಲೆ ಬಾಗಿಲು, ಕೊನೆಗೆ ಗಾಜು. ನೀವು ಒಳಗೆ ಟಾರ್ಚ್ ಹಿಡಿದು ಕೂತಿರಿ. ಪೌಡರ್ ಮೇಲೆ ಗೆರೆ ಎಲ್ಲಿಂದ ಇಳಿಯಿತೋ ಅದೇ ದಾರಿ.

ವೈಪರ್ ಕೆಳಗಿನ ಜಾಲರಿ ಒಳಗೆ ಕೈ ಹಾಕಿ ನೋಡಿ. ಮರದಡಿ ನಿಲ್ಲಿಸುವ ಕಾರಾದರೆ ಅಲ್ಲಿ ಎಲೆ ಕೊಳೆತು ಗೊಬ್ಬರ ಆಗಿರುತ್ತದೆ. ಬಾಗಿಲ ಅಡಿ ಅಂಚಿನಲ್ಲಿ ನೀರು ಹೋಗಲೆಂದು ಕಂಪನಿಯವರೇ ಇಟ್ಟ ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಆದರೆ ಈ ತೂತು ಕಟ್ಟಿದರೆ ಅದು ಬಾಗಿಲಲ್ಲೇ ನಿಲ್ಲುತ್ತದೆ. ನಿಮ್ಮ ಗುಳ್ಳೆಗಳು ಎದ್ದಿರುವುದು ಅದೇ ಸಾಲಿನಲ್ಲಿ.

ಇನ್ನು ನಾನು ಮಾಡಿದ ತಪ್ಪು. ತೋಟಕ್ಕೆ ಪೊಟ್ಯಾಷ್ ಚೀಲ ಅದೇ ಓಮ್ನಿಯಲ್ಲಿ ತರುತ್ತಿದ್ದೆ. ಅದೂ ಒಂದು ಉಪ್ಪೇ. ಚೀಲ ಸ್ವಲ್ಪ ಹರಿದಿತ್ತು, ಉದುರಿದ್ದನ್ನು ಗುಡಿಸಿ ಸುಮ್ಮನಾದೆ, ತೊಳೆಯಲಿಲ್ಲ. ಎರಡು ಮಳೆಗಾಲದಲ್ಲಿ ಹಿಂದಿನ ಫ್ಲೋರ್ ಜರಡಿ ಆಯಿತು. ನಿಮ್ಮ ಡಿಕ್ಕಿಯಲ್ಲಿ ಮೀನು, ಗೊಬ್ಬರ ಏನಾದರೂ ಸಾಗಿಸಿದ್ದರೆ ಮೊದಲು ಅಲ್ಲಿಗೆ ನೀರು ಹಾಕಿ.

ಕೋಡಿ_ಕಡಲು · ಏಪ್ರಿಲ್ 15

ಭಾನುವಾರ ಇಡೀ ದಿನ ಇದೇ ಕೆಲಸ. ಇಬ್ಬರಿಗೂ ತುಂಬಾ ಧನ್ಯವಾದ.

ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದೆ. ಕಾರ್ಪೆಟ್ ಅಡಿಗೆ ಅಂಟಿದ ದಪ್ಪ ಫೆಲ್ಟ್ ಹಿಂಡಿದಾಗ ಅರ್ಧ ಚೊಂಬು ನೀರು ಬಂತು, ಚಹಾದ ಬಣ್ಣದ್ದು. ಮೇಲಿನಿಂದ ನೋಡಿದರೆ ಒಣಗಿದ ಹಾಗೇ ಇತ್ತು. ಅಡಿಯಲ್ಲಿ ಆನೆಗುಡ್ಡೆ ದೇವಸ್ಥಾನದ ಪ್ರಸಾದದ ಕಾಗದ, ಒಂದು ರೂಪಾಯಿಯ ಎರಡು ನಾಣ್ಯ, ಅಪ್ಪನ ಅಂಗಡಿಯ ಹಳೆಯ ಬೀಗದ ಕೈ. ನಾಣ್ಯದ ಸುತ್ತ ತಗಡಿನ ಮೇಲೆ ದುಂಡಗೆ ತುಕ್ಕಿನ ಅಚ್ಚು ಬಿದ್ದಿದೆ. ಕೀ ಇಟ್ಟುಕೊಂಡಿದ್ದೇನೆ.

ಪೌಡರ್ ಪರೀಕ್ಷೆಯಲ್ಲಿ ಗೆರೆ ಇಳಿದದ್ದು ಬಲಗಡೆ ಗಾಜಿನ ಕೆಳಮೂಲೆಯಿಂದ. ಎಡ ಮುಂದಿನ ಬಾಗಿಲಲ್ಲಿ ಒಂದು ತೂತೂ ತೆರೆದಿರಲಿಲ್ಲ. ಗುಂಡುಪಿನ್ನು ಹಾಕಿ ಚುಚ್ಚಿದಾಗ ನೀರು ಚಿರ್ ಅಂತ ಹಾರಿತು. ಮಳೆ ಬಂದು ಯಾವ ಕಾಲ ಆಗಿದೆ!

ದಬ್ಬಣ: ಫ್ಲೋರ್ ಎರಡು ಕಡೆ ದಾಟಿತು, ಒಂದೊಂದೂ ಕಡಲೆಕಾಳಿನಷ್ಟು. ರನ್ನಿಂಗ್ ಬೋರ್ಡ್ ಹಿಂದಿನ ಜಾಕ್ ಪಾಯಿಂಟಿನಲ್ಲಿ ಒತ್ತಿದ ಕೂಡಲೇ ಬುಡದವರೆಗೂ ಹೋಯಿತು. ಸೀಟು, ಬೆಲ್ಟ್, ಮುಂದಿನ ಸಸ್ಪೆನ್ಶನ್ ಜಾಗ ಗಟ್ಟಿ ಇದೆ.

ರಸಾಯನ_ಮೇಷ್ಟ್ರು · ಏಪ್ರಿಲ್ 15

ಮಳೆ ಇಲ್ಲದ ತಿಂಗಳುಗಳಲ್ಲಿ ಬಾಗಿಲೊಳಗೆ ನೀರು ನಿಂತಿದೆ ಎಂದರೆ ಅದು ಕಾರು ತೊಳೆದ ನೀರು. ಕಾರನ್ನು ಯಾವ ನೀರಿನಲ್ಲಿ ತೊಳೆಯುತ್ತೀರಿ?

ಕೋಡಿ_ಕಡಲು · ಏಪ್ರಿಲ್ 15

ಮನೆಯ ಬಾವಿ ನೀರು ಸರ್. ಅಪ್ಪ ದಿನಾ ಬೆಳಿಗ್ಗೆ ತೊಳೆಯುತ್ತಿದ್ದರು, ಈಗ ನಾನು ವಾರಕ್ಕೆ ಎರಡು ಸಲ. ಮಾರ್ಚ್ ಬಂತೆಂದರೆ ಬಾವಿ ನೀರು ಸವುಳು, ಕುಡಿಯಲು ಆಗುವುದಿಲ್ಲ, ಕುಡಿಯುವ ನೀರು ಬೇರೆ ಕಡೆಯಿಂದ ತರುತ್ತೇವೆ. ತೊಳೆಯಲು ಅದೇ ನೀರು...

ಬರೆಯುವಾಗಲೇ ಗೊತ್ತಾಯಿತು.

ರಸಾಯನ_ಮೇಷ್ಟ್ರು · ಏಪ್ರಿಲ್ 16

ನಿಮ್ಮ ತಂದೆಯವರು ಅಕ್ಕರೆಯಿಂದಲೇ ಮಾಡಿದ್ದು, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಕರಾವಳಿಯಲ್ಲಿ ಇದು ಬಹಳ ಮನೆಗಳ ಕತೆ.

ನಡೆಯುವುದು ಇಷ್ಟು. ತೊಳೆದ ನೀರು ಆರಿದರೂ ಅದರ ಉಪ್ಪು ತಗಡಿನ ಮೇಲೆ ಉಳಿಯುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ಗಾಳಿಯಿಂದ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರು ಬಿಡುವುದನ್ನು ನೋಡಿದ್ದೀರಲ್ಲ, ಅದೇ ನಿಮ್ಮ ಬಾಗಿಲೊಳಗೂ ಆಗುತ್ತಿದೆ. ಕುಂದಾಪುರದಲ್ಲಿ ವರ್ಷದ ಹೆಚ್ಚಿನ ರಾತ್ರಿಗಳು ಅಷ್ಟು ತೇವದವೇ. ಮೇಲೆ ಒಂದು ಹನಿ ಮಳೆ ಬೀಳದಿದ್ದರೂ ತಗಡು ಒದ್ದೆ. ಇನ್ನು ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಪೇಂಟನ್ನು ಮೇಲಕ್ಕೆ ನೂಕುತ್ತದೆ. ಗುಳ್ಳೆ ಏಳುವುದು ಅದಕ್ಕೇ. ಗುಳ್ಳೆ ಬೆರಳಿನಷ್ಟಿದ್ದರೆ ಪೇಂಟಿನ ಅಡಿಯಲ್ಲಿ ತುಕ್ಕು ಅದಕ್ಕಿಂತ ಅಗಲವಾಗಿ ಹರಡಿರುತ್ತದೆ.

ಆದ್ದರಿಂದ ಎಮೆರಿ ಪೇಪರ್ ಹಿಡಿಯುವ ಮೊದಲು ತೊಳೆಯಿರಿ. ಉಪ್ಪು ಉಜ್ಜಿದರೆ ಹೋಗದು, ಸಿಹಿನೀರಿಗೆ ಮಾತ್ರ ಹೋಗುವುದು. ಕುಡಿಯುವ ನೀರು ನಾಲ್ಕು ಕೊಡ ಖರ್ಚಾದರೂ ಪರವಾಗಿಲ್ಲ. ಬಾಗಿಲೊಳಗೆ, ರನ್ನಿಂಗ್ ಬೋರ್ಡ್ ಒಳಗೆ, ಚಕ್ರದ ಮೇಲಿನ ಗೂಡಿನಲ್ಲಿ ಮೂರು ಸಲ ಹಾಯಿಸಿ, ಪ್ರತಿ ಸಲವೂ ಇಳಿದುಹೋಗಲು ಬಿಡಿ. ಹತ್ತಿರದ ಪಿಯು ಕಾಲೇಜಿನ ಲ್ಯಾಬಿನಲ್ಲಿ ಪರಿಚಯ ಇದ್ದರೆ ಕೊನೆಯಲ್ಲಿ ಇಳಿದ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿಸಿ. ಮೊದಲು ಇಳಿದ ನೀರು ಮೊಸರಿನ ಹಾಗೆ ಬೆಳ್ಳಗಾಗುತ್ತದೆ. ಕೊನೆಯದು ಕುಡಿಯುವ ನೀರಿನಷ್ಟೇ ತಿಳಿಯಾಗಿ ಉಳಿದರೆ ಉಪ್ಪು ಹೋಯಿತು ಎಂದು ಅರ್ಥ.

ಅಡಿಕೆ_ಓಮ್ನಿ · ಏಪ್ರಿಲ್ 16

ಮೇಷ್ಟ್ರೇ, ಒಂದು ಪ್ರಶ್ನೆ. ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್ (ತುಕ್ಕನ್ನು ಬೇರೆ ವಸ್ತುವಾಗಿ ಬದಲಿಸುವ ದ್ರವ) ಹಚ್ಚಿದರೆ ತುಕ್ಕು ಕಪ್ಪಾಗುತ್ತದೆ. ನಮ್ಮಲ್ಲಿ ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿದರೂ ಹಾಗೇ ಕಪ್ಪು. ಎರಡೂ ಒಂದೆಯಾ? ಚೊಗರು ಮನೆಯಲ್ಲಿ ಡ್ರಮ್‌ಗಟ್ಟಲೆ ಇದೆ.

ರಸಾಯನ_ಮೇಷ್ಟ್ರು · ಏಪ್ರಿಲ್ 16

ಒಳ್ಳೆಯ ಪ್ರಶ್ನೆ. ಮೂಲ ಒಂದೇ, ಟ್ಯಾನಿನ್, ಅಂದರೆ ಗಿಡಮರಗಳಲ್ಲಿರುವ ಒಗರಿನ ವಸ್ತು. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದೂ ಅದರಿಂದಲೇ, ಹಿಂದೆ ಅಣಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸೇರಿಸಿ ಶಾಯಿ ಮಾಡುತ್ತಿದ್ದುದೂ ಅದರಿಂದಲೇ. ಕಬ್ಬಿಣದ ಜೊತೆ ಟ್ಯಾನಿನ್ ಕೂಡಿ ನೀರಿನಲ್ಲಿ ಕರಗದ ಕಪ್ಪು ವಸ್ತುವಾಗುತ್ತದೆ.

ಆದರೆ ಚೊಗರು ಬಳಿಯಬೇಡಿ. ಅದರಲ್ಲಿ ಸಕ್ಕರೆ, ಅಂಟು, ಇನ್ನೂ ಏನೇನೋ ಇರುತ್ತದೆ, ತೇವ ಹಿಡಿದುಕೊಳ್ಳುತ್ತದೆ, ಬೂಷ್ಟು ಬರುತ್ತದೆ. ಅಂಗಡಿಯ ಟ್ಯಾನಿನ್ ಕನ್ವರ್ಟರಿನಲ್ಲಿ ಜೊತೆಗೆ ಪಾಲಿಮರ್ ಇರುತ್ತದೆ, ಒಣಗಿ ಪೊರೆಯಾಗುತ್ತದೆ. ಇನ್ನೊಂದು ಬಗೆ ಫಾಸ್ಫಾರಿಕ್ ಆಮ್ಲದ್ದು. ಅದನ್ನು ಹಚ್ಚಿದ ಮೇಲೆ ಉಳಿದ ಆಮ್ಲವನ್ನು ಡಬ್ಬಿಯ ಮೇಲೆ ಹೇಳಿದ ಹಾಗೆ ತೆಗೆಯಬೇಕು, ಇಲ್ಲದಿದ್ದರೆ ಮೇಲಿನ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಕೋಟ್) ಹಿಡಿಯುವುದಿಲ್ಲ. ಎರಡೂ ಕೆಲಸ ಮಾಡುವುದು ತಗಡಿಗೆ ಗಟ್ಟಿಯಾಗಿ ಕಚ್ಚಿಕೊಂಡ ತೆಳು ತುಕ್ಕಿನ ಮೇಲೆ. ಪದರ ಪದರವಾಗಿ ಏಳುವ ತುಕ್ಕಿಗೆ ಬಳಿದರೆ ಮೇಲಿನ ಪದರ ಕಪ್ಪಾಗುತ್ತದೆ, ಅಡಿಯಲ್ಲಿ ಕೆಲಸ ನಡೆದೇ ಇರುತ್ತದೆ.

ಹಳೇಗಾಡಿ_ಹಾಸನ · ಏಪ್ರಿಲ್ 17

ಇಷ್ಟೆಲ್ಲ ಯಾಕೆ, ಗ್ಯಾರೇಜಿನಲ್ಲಿ ಹಳೇ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ. ಕೆಳಗೆಲ್ಲ ಬಳಿದುಬಿಡಿ. ನಮ್ಮ ಕಡೆ ಟ್ರ್ಯಾಕ್ಟರಿಗೆ ಅದನ್ನೇ ಮಾಡುವುದು.

ಅಡಿಕೆ_ಓಮ್ನಿ · ಏಪ್ರಿಲ್ 17

ಬೇಡ ಮಾರಾಯ್ರೇ. ಅವರ ಮನೆ ಅಂಗಳದಲ್ಲಿ ಬಾವಿ ಇದೆ. ಒಂದು ಮಳೆಗೆ ಅಷ್ಟೂ ಎಣ್ಣೆ ತೊಳೆದು ಮರಳು ನೆಲದಲ್ಲಿ ಇಳಿದು ಬಾವಿಗೇ ಸೇರುತ್ತದೆ. ಸುಟ್ಟ ಎಣ್ಣೆಯಲ್ಲಿ ಇಂಜಿನಿನ ಆಮ್ಲ, ಮಸಿ ಎಲ್ಲ ಇರುತ್ತದೆ. ಸಸ್ಪೆನ್ಶನ್ನಿನ ರಬ್ಬರ್ ಬುಷ್ ಕೂಡ ಉಬ್ಬಿ ಹಾಳಾಗುತ್ತವೆ.

ಟೊರಾಂಟೊ_ಕನ್ನಡಿಗ · ಏಪ್ರಿಲ್ 18

ಊರು ಮಣಿಪಾಲ, ಇರುವುದು ಟೊರಾಂಟೊ ಹತ್ತಿರ. ಇಲ್ಲಿ ಚಳಿಗಾಲ ಪೂರ್ತಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ತುಕ್ಕಿನ ಕಾಟ ನಮ್ಮ ಕರಾವಳಿಯ ಹಾಗೇ. ಚಳಿಗಾಲಕ್ಕೆ ಮೊದಲು ಕಾರಿಗೆ ಎಣ್ಣೆ ಹೊಡೆಸುವುದು ಇಲ್ಲಿ ಬಹಳ ಜನ ವರ್ಷವರ್ಷ ಮಾಡುವ ಕೆಲಸ. ಇಂಜಿನ್ ಆಯಿಲ್ ಅಲ್ಲ, ಇದಕ್ಕೆಂದೇ ಮಾಡಿದ ತೆಳು ಎಣ್ಣೆ, ಇಲ್ಲವೇ ಲ್ಯಾನೊಲಿನ್, ಅಂದರೆ ಕುರಿ ಉಣ್ಣೆಯ ಜಿಡ್ಡು. ತೆಳು ಎಣ್ಣೆಯ ಗುಣ ಏನೆಂದರೆ ಅದು ಒಣಗುವುದಿಲ್ಲ, ಎರಡು ತಗಡು ಕೂಡುವ ಸಂದಿಗೆ ತಾನೇ ಹರಿದುಹೋಗುತ್ತದೆ. ಬ್ರಷ್, ಎಮೆರಿ ಯಾವುದೂ ಆ ಸಂದಿಗೆ ತಲುಪುವುದಿಲ್ಲ. ನನ್ನ ಪ್ರಕಾರ ಬಾಗಿಲು, ರನ್ನಿಂಗ್ ಬೋರ್ಡ್, ಡಿಕ್ಕಿ ಮುಚ್ಚಳ ಎಲ್ಲದರ ಒಳಗೂ ಈಗಲೇ ಹೊಡೆಸಿಬಿಡಿ.

ಹುಬ್ಬಳ್ಳಿ_ಟಿಂಕರ್ · ಏಪ್ರಿಲ್ 18

ಬಾಗಲಕ್ಕ ಹೊಡೀರಿ, ಡಿಕ್ಕಿಗೆ ಹೊಡೀರಿ, ನಂದೇನು ತಕರಾರಿಲ್ಲ. ರನ್ನಿಂಗ್ ಬೋರ್ಡಿಗೆ ಬ್ಯಾಡ್ರಿ ಸರ್. ನವೆಂಬರದಾಗ ಅದನ್ನ ಕತ್ತರಿಸಿ ವೆಲ್ಡ್ ಮಾಡಬೇಕು. ಮುಚ್ಚಿದ ಡಬ್ಬಿ ಅದು, ಒಳಗಿನ ಎಣ್ಣಿ ಒರಸಾಕ ಬರೂದಿಲ್ಲ. ಕಿಡಿ ಬಿದ್ದಾಗ ಒಳಗಿಂದ ಬೆಂಕಿ ಬರತೈತಿ. ಹಿಂಗ ಒಮ್ಮೆ ಸೀಟಿನ ತನಕ ಹತ್ತಿದ್ದು ನಾ ಕಣ್ಣಾರೆ ನೋಡೀನಿ, ನೀರಿನ ಬಕೀಟು ಬಾಜೂಕ ಇತ್ತಂತ ಗಾಡಿ ಉಳೀತು.

ಟೊರಾಂಟೊ_ಕನ್ನಡಿಗ · ಏಪ್ರಿಲ್ 18

ಇದು ನನಗೆ ಹೊಳೆದಿರಲಿಲ್ಲ. ಇಲ್ಲಿ ನಾವು ಹೊಡೆಸುವುದು ರಿಪೇರಿ ಬೇಕಿಲ್ಲದ ಕಾರಿಗೆ. ವೆಲ್ಡಿಂಗ್ ಇದ್ದ ಕಡೆ ಬೇಡ, ನಿಮ್ಮ ಮಾತು ಸರಿ. ಆದರೆ ಆ ಆರು ತಿಂಗಳು ರನ್ನಿಂಗ್ ಬೋರ್ಡಿನ ಒಳಗನ್ನು ಹಾಗೇ ಬಿಡುವುದೇ?

ಹುಬ್ಬಳ್ಳಿ_ಟಿಂಕರ್ · ಏಪ್ರಿಲ್ 18

ಹೆಂಗೂ ಹೋಗೂ ತಗಡು ಅದು, ಉಳಸಾಕ ಬಡದಾಡೂದು ಬ್ಯಾಡ. ನೀರು ಇಳಿಯೂ ತೂತು ತೆರದಿಟ್ಟು, ತೊಳದು ಒಣಗಿಸಿ ಬಿಡ್ರಿ. ಜಾಕ್ ಪಾಯಿಂಟ್ ಅಷ್ಟ ಈಗ ಗಟ್ಟಿ ಮಾಡಿಸ್ರಿ. ಬ್ಯಾಟರಿ ವಯರ್ ಬಿಚ್ಚಿಸಿ, ಸೀಟು ಕಾರ್ಪೆಟ್ ಹೊರಗ ಇಟ್ಟು, ಪೆಟ್ರೋಲ್ ಪೈಪ್ ಎಲ್ಲಿ ಹೋಗೇತಿ ನೋಡಿ ಆಮ್ಯಾಲೆ ವೆಲ್ಡಿಂಗ್ ಶುರು ಮಾಡಸ್ರಿ.

ಫ್ಲೋರಿನ ಸಣ್ಣ ತೂತಿಗೆ ಎಂ-ಸೀಲ್, ಥರ್ಮಾಕೋಲ್, ಫೋಮ್ ತುರಕಬ್ಯಾಡ್ರಿ, ಅವು ಬದಿಗೆ ನೀರು ಹಿಡಕೊಂಡು ಕುಂದರತಾವ. ಸುತ್ತ ಬೆಳ್ಳಗ ತಗಡು ಕಾಣೂ ತನಕ ಕೆರದು, ಎರಡೂ ಕಡೆ ಎಪಾಕ್ಸಿ ಪ್ರೈಮರ್ ಹಚ್ಚಿ, ಮ್ಯಾಲೆ ಸಣ್ಣ ತಗಡಿನ ತುಂಡು ಸೀಲಂಟ್‌ಲೆ ಕೂಡಸ್ರಿ. ಸಾದಾ ತಗಡು ತಗೋರಿ, ಜಿಐ ಶೀಟ್ (ಸತುವು ಹಚ್ಚಿದ ತಗಡು) ಬ್ಯಾಡ. ಮುಂದ ಆಜೂಬಾಜೂ ವೆಲ್ಡ್ ಮಾಡೂ ಮುಂದ ಸತುವಿನ ಹೊಗಿ ಕುಡದು ನಮಗ ಜ್ವರ ಬರತೈತಿ.

ರೆಡ್ ಆಕ್ಸೈಡ್ ಪ್ರೈಮರ್ ಒಂದ ಬಳದು ಬಿಡೂ ಮಂದಿ ಬಾಳ ಅದಾರ. ಬರೇ ಅದು ನೀರು ಕುಡೀತೈತಿ, ಮ್ಯಾಲೆ ಪೇಂಟ್ ಬೇಕ ಬೇಕು.

ಕೋಡಿ_ಕಡಲು · ಮೇ 9

ಕೆಲಸ ಮುಗಿಯಿತು. ಹೇಗೆ ಮಾಡಿದೆ ಎಂದು ಬರೆದಿಡುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು.

ಮೊದಲು ಜಾಕ್ ಪಾಯಿಂಟ್ ವೆಲ್ಡಿಂಗ್, 3,800 ರೂಪಾಯಿ. ಗಾಜಿನ ಬೀಡಿಂಗ್ ಹೊಸದು. ಆಮೇಲೆ ಟ್ಯಾಂಕರಿನ ಸಿಹಿನೀರು ತರಿಸಿ ಮೂರು ಸಲ ತೊಳೆದೆ. ನಾನು ಓದಿದ ಕಾಲೇಜಿನ ಲ್ಯಾಬಿಗೇ ಬಾಟಲಿಯಲ್ಲಿ ಒಯ್ದೆ. ಮೊದಲ ನೀರು ನಿಜವಾಗಿಯೂ ಮೊಸರಿನ ಹಾಗೆ ಆಯಿತು. ಮೂರನೆಯದೂ ಸ್ವಲ್ಪ ಮಸುಕಾಗಿತ್ತು, ಅದಕ್ಕೆ ಇನ್ನೆರಡು ಸಲ ತೊಳೆದೆ.

ಬಾಗಿಲಿನ ಗುಳ್ಳೆ ಒಡೆದು ತಂತಿ ಬ್ರಷ್ ಹಿಡಿದಾಗ ಎದೆ ಧಸಕ್ಕೆಂದಿತು. ಎರಡು ಇಂಚು ಅಂದುಕೊಂಡದ್ದು ಕೆರೆಯುತ್ತಾ ಹೋದರೆ ಒಂದು ಗೇಣಾಯಿತು. ಹೊಳೆಯುವ ತಗಡು, ಅದರ ಸುತ್ತ ಗಟ್ಟಿ ಪೇಂಟಿನ ಅಂಚು ಸಿಗುವ ತನಕ ಬಿಡಲಿಲ್ಲ. 80ರ ಎಮೆರಿ, ಆಮೇಲೆ 120, ಕೊನೆಗೆ 220. ಅಂಚನ್ನು ಕಣ್ಣು ಮುಚ್ಚಿ ಬೆರಳಾಡಿಸಿದರೆ ಮೆಟ್ಟಿಲು ತಾಗಬಾರದು, ಅಷ್ಟು ನುಣುಪು ಮಾಡಿದೆ. ಸಣ್ಣ ಸಣ್ಣ ಗುಳಿಗಳ ತಳದಲ್ಲಿ ಉಳಿದ ಕಪ್ಪು ಚುಕ್ಕೆಗಳಿಗೆ ಮಾತ್ರ ಟ್ಯಾನಿನ್ ಕನ್ವರ್ಟರ್ ಮುಟ್ಟಿಸಿದೆ. ಕಂದು ಇದ್ದದ್ದು ಕಣ್ಣೆದುರೇ ನೇರಳೆಯಾಗಿ ಕಪ್ಪಾಯಿತು. ಒಂದು ದಿನ ಬಿಟ್ಟು ಎರಡು ಕೋಟ್ ಎಪಾಕ್ಸಿ, ಅದರ ಮೇಲೆ ಬಣ್ಣ. ಬೆಳಿಗ್ಗೆ ಹತ್ತರಿಂದ ಮೂರರೊಳಗೆ ಮಾತ್ರ ಹಚ್ಚಿದ್ದು. ಸಂಜೆ ಕಡಲಗಾಳಿಗೆ ತಗಡು ಬೆವರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ.

ಬಣ್ಣ ಹೊಂದಿಲ್ಲ. ಬಿಳಿ ಕಾರಿಗೆ ಬೂದು ಬಿಳಿಯ ತೇಪೆಗಳು. ಅಮ್ಮ ನೋಡಿ "ಇರಲಿ, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ" ಅಂದರು. ಪುಟ್ಟಿ ಎಲ್ಲೂ ಹಾಕಿಲ್ಲ. ಬಾಗಿಲು, ಡಿಕ್ಕಿ ಒಳಗೆ ಲ್ಯಾನೊಲಿನ್ ಸ್ಪ್ರೇ, ರನ್ನಿಂಗ್ ಬೋರ್ಡಿಗೆ ಇಲ್ಲ. ಕಾರ್ಪೆಟ್ ವಾಪಸ್ ಹಾಕಿಲ್ಲ, ಮಳೆಗಾಲ ಮುಗಿಯುವ ತನಕ ಬರೀ ರಬ್ಬರ್ ಮ್ಯಾಟ್. ಮೈಗೆ ತಾಗುವ ಪ್ಲಾಸ್ಟಿಕ್ ಕವರ್ ತೆಗೆದು, ನಾಲ್ಕೂ ಕಡೆ ಗಾಳಿ ಆಡುವ ಶೀಟಿನ ಮಾಡಿನಡಿ ನಿಲ್ಲಿಸುತ್ತಿದ್ದೇನೆ. ವೆಲ್ಡಿಂಗ್, ಬೀಡಿಂಗ್ ಬಿಟ್ಟು ಉಳಿದ ಖರ್ಚು 3,150.

ರಸಾಯನ_ಮೇಷ್ಟ್ರು · ಮೇ 9

ಬಹಳ ಸಂತೋಷವಾಯಿತು. ಒಂದು ಕೆಲಸ ಬಾಕಿ ಇದೆ. ರನ್ನಿಂಗ್ ಬೋರ್ಡಿನ ತುಕ್ಕಿನ ಸುತ್ತ, ಪ್ರತಿ ತೇಪೆಯ ಸುತ್ತ, ಗಾಜಿನ ಮೇಲೆ ಬರೆಯುವ ಗ್ರೀಸ್ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಹಾಕಿ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. ಕಣ್ಣಳತೆಯಲ್ಲಿ ತುಕ್ಕು ಬೆಳೆದದ್ದು ಗೊತ್ತಾಗುವುದಿಲ್ಲ.

ಕೋಡಿ_ಕಡಲು · ಅಕ್ಟೋಬರ್ 19

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಜುಲೈನಲ್ಲಿ ಎರಡು ವಾರ ಸೂರ್ಯನ ಮುಖ ಕಾಣಲಿಲ್ಲ, ಆದರೂ ಫ್ಲೋರ್ ಒಣಗಿಯೇ ಇತ್ತು. ದಿನಾ ರಾತ್ರಿ ಮ್ಯಾಟ್ ಎತ್ತಿ ಕೈಯಾಡಿಸಿ ಮಲಗುತ್ತಿದ್ದೆ. ಬಾಗಿಲ ತೂತುಗಳನ್ನು ತಿಂಗಳಿಗೊಮ್ಮೆ ಪಿನ್ನು ಹಾಕಿ ನೋಡಿದೆ, ಪ್ರತಿ ಸಲವೂ ಮೂರು ನಾಲ್ಕು ಹನಿ ಬಂತು, ಅಷ್ಟೇ.

ಗೆರೆಗಳ ಲೆಕ್ಕ: ಬಾಗಿಲ ಐದು ತೇಪೆಗಳಲ್ಲಿ ನಾಲ್ಕು ಹಾಗೇ ಇವೆ. ಎಡ ಹಿಂದಿನ ಬಾಗಿಲ ಮೂಲೆಯಲ್ಲಿ ಒಂದು ಕಡೆ ತುಕ್ಕು ಗೆರೆ ದಾಟಿದೆ, ಸುಮಾರು ಅರ್ಧ ಇಂಚು. ಎರಡು ತಗಡು ಮಡಚಿ ಕೂಡಿಸಿದ ಜಾಗ ಅದು, ಎಮೆರಿ ಒಳಗೆ ಹೋಗಿರಲಿಲ್ಲ. ರನ್ನಿಂಗ್ ಬೋರ್ಡ್ ನಿರೀಕ್ಷೆಯಂತೆ ಇನ್ನಷ್ಟು ಹೋಗಿದೆ, ಜಾಕ್ ಪಾಯಿಂಟ್ ಗಟ್ಟಿ ಇದೆ.

ನವೆಂಬರ್ ಮೊದಲ ವಾರ ಗ್ಯಾರೇಜಿಗೆ ಬಿಡುತ್ತೇನೆ. ಮೊನ್ನೆ ಅವರು ಬಂದು ಕೆಳಗೆ ಮಲಗಿ ನೋಡಿದರು. ಕೆರೆಯುವ ಕೆಲಸ ಇಲ್ಲ, ಫ್ಲೋರ್ ತೇಪೆ ಸಣ್ಣದರಲ್ಲೇ ಮುಗಿಯುತ್ತದೆ ಎಂದು 65 ಸಾವಿರದಿಂದ 54ಕ್ಕೆ ಇಳಿಸಿದ್ದಾರೆ.

ಹುಬ್ಬಳ್ಳಿಯ ಅಣ್ಣಾ, ರನ್ನಿಂಗ್ ಬೋರ್ಡ್ ಬಿಚ್ಚಿದಾಗ ಒಳಗಿನ ಫೋಟೊ ಹಾಕುತ್ತೇನೆ. ಹೊಸದನ್ನು ಮುಚ್ಚುವ ಮೊದಲು ಒಳಗಡೆ ಏನು ಹಚ್ಚಿಸಬೇಕು ಅಂತ ಆವತ್ತೇ ಕೇಳಬೇಕಿದೆ, ದಯವಿಟ್ಟು ಆ ವಾರ ಇಲ್ಲಿ ಒಮ್ಮೆ ನೋಡಿ.

ಹುಬ್ಬಳ್ಳಿ_ಟಿಂಕರ್ · ಅಕ್ಟೋಬರ್ 19

ನೋಡತೀನ್ರಿ. ವೆಲ್ಡ್ ಆದ ಕೂಡಲೇ ಮುಚ್ಚಾಕ ಬಿಡಬ್ಯಾಡ್ರಿ, ತಣ್ಣಗ ಆಗಲಿ, ಮೊದಲ ಫೋಟೊ ಹಾಕ್ರಿ. ಟೊರಾಂಟೊ ಸಾಹೇಬ್ರ ಎಣ್ಣಿ ಹೊಡಿಯೂ ಟೈಮ್ ಅದು.